ಪಾಕೀಟಿನ ಸಸಿಗೆ ಡಿಎಪಿ ಹಾಕಿದೆ, ಎಲೆ ಸುಟ್ಟವು: ಈಗೇನು ಮಾಡಲಿ?

ಪ್ರಶ್ನೆ: ಕುಷ್ಟಗಿ ತಾಲೂಕಿನಲ್ಲಿ ನನಗೆ 3 ಎಕರೆ ಮಸಾರಿ (ಕೆಂಪು ಮಣ್ಣಿನ) ಹೊಲ ಇದೆ. ಈ ಮುಂಗಾರಿಗೆ ಬದುವಿನ ಮೇಲೆ ಮತ್ತು ಒಂದು ಎಕರೆಯಲ್ಲಿ ಗಿಡ ಹಚ್ಚಬೇಕು ಅಂತ ಮನೆ ಹತ್ತಿರವೇ ಸಸಿ ಮಾಡಿದ್ದೇನೆ. ಫೆಬ್ರುವರಿಯಲ್ಲಿ ಹೊಂಗೆ, ಹುಣಸೆ ಬೀಜ ಹಾಕಿದೆ. ಹೆಬ್ಬೇವು, ಶ್ರೀಗಂಧದ ಎಳೆ ಸಸಿ ತಂದು 6x9 ಇಂಚಿನ ಪ್ಲಾಸ್ಟಿಕ್ ಪಾಕೀಟಿಗೆ ಹಾಕಿದೆ. ಬೇಗ ಬೆಳೆಯಲಿ ಅಂತ ಏಪ್ರಿಲ್‌ನಲ್ಲಿ ಪಾಕೀಟಿಗೆ ಒಂದು ಸಣ್ಣ ಚಮಚ ಡಿಎಪಿ (ಸಾರಜನಕ, ರಂಜಕ ಇರುವ ಹರಳು ಗೊಬ್ಬರ) ಹಾಕಿದೆ. ಹತ್ತು ದಿನದೊಳಗೆ ಹೆಬ್ಬೇವಿನ ಎಲೆ ಅಂಚು ಸುಟ್ಟಂತಾಯಿತು, ಕೆಲವು ಸತ್ತವು. ಪಕ್ಕದ ಹೊಲದವರು ಯೂರಿಯಾ ನೀರು ಹಾಕಿದ್ದಾರೆ, ಅವರ ಸಸಿ ನಮ್ಮದರ ಎರಡು ಪಟ್ಟು ಎತ್ತರ ಇವೆ. ನಮ್ಮ ಮಾವ "ಗಿಡಕ್ಕೆ ಸರಕಾರಿ (ರಾಸಾಯನಿಕ) ಗೊಬ್ಬರ ಮುಟ್ಟಿಸಲೇಬಾರದು, ತಿಪ್ಪೆ ಗೊಬ್ಬರ ಎಷ್ಟಾದರೂ ಹಾಕು" ಅಂತಾರೆ. ಅಂಗಡಿಯವರು ಬೆಳವಣಿಗೆಗೆ ಅಂತ ಒಂದು ಬಾಟಲಿ ಕೊಟ್ಟಿದ್ದಾರೆ, ಇನ್ನೂ ಒಡೆದಿಲ್ಲ. ಯಾವ ಗೊಬ್ಬರ ಹಾಕಿದರೆ ಸಸಿ ಚೆನ್ನಾಗಿ ಬರುತ್ತವೆ? ಉಳಿದ ಸಸಿಗಳನ್ನು ಹೇಗೆ ಉಳಿಸಿಕೊಳ್ಳಲಿ?

ಉತ್ತರ: ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಕಂಡಿದ್ದು ಆ ಚಮಚ. ಒಂದು ಸಣ್ಣ ಚಮಚ ಡಿಎಪಿ ಅಂದ್ರೆ ಸುಮಾರು 5 ಗ್ರಾಂ. ನೋಡೋದಕ್ಕೆ ಏನೂ ಅಲ್ಲ. ಆದ್ರೆ 6x9 ಪಾಕೀಟಿನಲ್ಲಿ ಹಿಡಿಯುವ ಮಣ್ಣು ಹೆಚ್ಚೆಂದರೆ 2 ಕೆಜಿ. ಒಂದು ಎಕರೆಯ ಮೇಲಿನ 6 ಇಂಚು ಮಣ್ಣು ಸುಮಾರು 9 ಲಕ್ಷ ಕೆಜಿ ತೂಗುತ್ತದೆ. ಇದೇ ಲೆಕ್ಕದಲ್ಲಿ ಹೊಲಕ್ಕೆ ಹಾಕಿದರೆ ಎಕರೆಗೆ 2,250 ಕೆಜಿ, ಅಂದರೆ 50 ಕೆಜಿಯ 45 ಚೀಲ ಡಿಎಪಿ ಆಗುತ್ತದೆ. ಮೆಕ್ಕೆಜೋಳಕ್ಕೂ ಯಾರೂ ಅಷ್ಟು ಸುರಿಯಲ್ಲ, ಅಲ್ವಾ? ಪಾಕೀಟಿನಲ್ಲಿ ಬೇರು ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳಲು ಜಾಗವೂ ಇಲ್ಲ.

ಹಾಗಾಗಿ ನಿಮ್ಮ ಸಸಿ ಸುಟ್ಟಿದ್ದು ಡಿಎಪಿ ವಿಷ ಅಂತಲ್ಲ. ಆ ಜಾಗಕ್ಕೆ, ಆ ವಯಸ್ಸಿಗೆ ಅದು ಜಾಸ್ತಿ ಆಯಿತು. ಒಳಗೆ ನಡೆದಿದ್ದು ಎರಡು. ಯಾವುದೇ ರಾಸಾಯನಿಕ ಗೊಬ್ಬರ ಕರಗಿದರೆ ಉಪ್ಪಾಗುತ್ತದೆ. ಬೇರಿನ ಸುತ್ತ ಉಪ್ಪು ಹೆಚ್ಚಾದಾಗ ಮಣ್ಣು ಹಸಿ ಇದ್ದರೂ ಬೇರಿಗೆ ನೀರು ಎಳೆಯಲು ಆಗಲ್ಲ. ಮಧ್ಯಾಹ್ನ ಸಸಿ ಬಾಡುತ್ತದೆ, ನಾವು ನೀರು ಕಡಿಮೆಯಾಯಿತು ಅಂದುಕೊಳ್ಳುತ್ತೇವೆ. ಎಲೆಯ ತುದಿ, ಅಂಚು ಕಂದಾಗುತ್ತಾ ಒಳಗೆ ಬರುತ್ತದೆ. ಇನ್ನೊಂದು, ಡಿಎಪಿಯ ಸಾರಜನಕ ಇರುವುದು ಅಮೋನಿಯಂ ರೂಪದಲ್ಲಿ. ಹರಳು ಕರಗುವ ಜಾಗದಲ್ಲಿ ಮಣ್ಣು ಸ್ವಲ್ಪ ಕ್ಷಾರವಾಗುತ್ತದೆ, ಅಲ್ಲಿ ಅಮೋನಿಯಾ ಅನಿಲ ಹುಟ್ಟುತ್ತದೆ. ಎಳೆ ಬೇರಿನ ತುದಿಗೆ ಅದು ನೇರ ಪೆಟ್ಟು. ಏಪ್ರಿಲ್ ಬಿಸಿಲಲ್ಲಿ, ಕರಿ ಪ್ಲಾಸ್ಟಿಕ್‌ನೊಳಗೆ ಇದೆಲ್ಲ ಇನ್ನೂ ಬೇಗ ನಡೆಯುತ್ತದೆ. ಹೆಬ್ಬೇವಿಗೆ ಜಾಸ್ತಿ ತಗುಲಿದ್ದು ಯಾಕೆ ಅಂದ್ರೆ ಅದರ ಎಲೆ ದೊಡ್ಡದು, ಮೆತ್ತಗಿನದು, ನೀರು ಕುಡಿಯುವುದೂ ಜಾಸ್ತಿ. ಹುಣಸೆ ಇದನ್ನೆಲ್ಲ ಸ್ವಲ್ಪ ತಡೆದುಕೊಳ್ಳುತ್ತದೆ.

ಇದು ಖಾತ್ರಿಯಾಗಬೇಕಾದರೆ ಸುಟ್ಟ ಸಸಿಯ ಒಂದು ಪಾಕೀಟನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಮಣ್ಣಿನ ಹೆಂಟೆಯನ್ನು ಬಕೆಟ್ ನೀರಲ್ಲಿ ಅದ್ದಿ, ಮೆಲ್ಲಗೆ ತೊಳೆದು ಬೇರು ನೋಡಿ. ಬೇರಿನ ತುದಿ ಬೆಳ್ಳಗೆ, ಗರಿಗರಿಯಾಗಿದ್ದರೆ ಜೀವ ಇದೆ. ಕಂದಾಗಿ, ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದರೆ ಸತ್ತಿದೆ. ಮೇಲಿನ ಭಾಗದ ಬೇರು ಸತ್ತು, ಕೆಳಗೆ ಬಿಳಿ ಬೇರು ಇದ್ದರೆ ಮೇಲೆ ಹಾಕಿದ ಗೊಬ್ಬರದ ಕೆಲಸವೇ ಅದು. ಅಂಥ ಸಸಿ ಉಳಿಯುತ್ತವೆ.

ಉಳಿಸುವ ದಾರಿ ಸರಳ. ಮೇಲೆ ಕಾಣುವ ಹರಳು ಇದ್ದರೆ ಅರ್ಧ ಇಂಚು ಮಣ್ಣಿನ ಸಮೇತ ತೆಗೆದು ಬಿಸಾಡಿ. ಪಾಕೀಟಿನ ಕೆಳಗಿನ ತೂತು ಮುಚ್ಚಿಲ್ಲ ಅಂತ ನೋಡಿಕೊಳ್ಳಿ, ಮುಚ್ಚಿದ್ದರೆ ಮೊಳೆಯಿಂದ ಚುಚ್ಚಿ. ಆಮೇಲೆ ಒಂದೊಂದು ಪಾಕೀಟಿಗೂ ಎರಡು ಲೀಟರಿನಷ್ಟು ಸಿಹಿನೀರನ್ನು ನಾಲ್ಕೈದು ಸಲವಾಗಿ, ಇಳಿಯಲು ಬಿಟ್ಟು ಬಿಟ್ಟು ಹಾಕಿ. ನೀರು ಕೆಳಗಿಂದ ಹರಿದು ಹೋಗಬೇಕು. ಎರಡು ದಿನ ಬಿಟ್ಟು ಇನ್ನೊಂದು ಸಲ. ನೆರಳಿಗೆ ಇಡಿ. ಮೂರು ನಾಲ್ಕು ವಾರ ಯಾವ ಗೊಬ್ಬರವೂ ಬೇಡ. ಇದರಲ್ಲಿ ಅಪಾಯವೂ ಇದೆ: ಜಿಗುಟು ಎರಿ (ಕಪ್ಪು) ಮಣ್ಣು ತುಂಬಿದ ಪಾಕೀಟಿಗೆ ಇಷ್ಟು ನೀರು ಹಾಕಿದರೆ ಬೇರು ಕೊಳೆಯಬಹುದು. ನಿಮ್ಮದು ಮಸಾರಿ, ಅದಕ್ಕೆ ಭಯ ಕಡಿಮೆ.

ಇನ್ನು ಪಕ್ಕದವರ ಎತ್ತರದ ಸಸಿ. ಇದರ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು, ಯಾಕೆಂದರೆ ನರ್ಸರಿಗೆ ಬರುವ ಹತ್ತರಲ್ಲಿ ಒಂಬತ್ತು ಜನ ಎತ್ತರ ನೋಡಿಯೇ ಸಸಿ ಆರಿಸುತ್ತಾರೆ. ಮಾರುವವರಿಗೂ ಅದು ಗೊತ್ತು.

ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. ಬೆಚ್ಚಗಿನ ಹಸಿ ಮಣ್ಣಲ್ಲಿ ಅದು ಕೆಲವೇ ದಿನಗಳಲ್ಲಿ ಅಮೋನಿಯಂ ಆಗಿ, ಆಮೇಲೆ ನೈಟ್ರೇಟ್ ಆಗುತ್ತದೆ. ಸಸಿ ಅದನ್ನು ಹೀರಿ ಎಲೆ, ಕಾಂಡ ಬೆಳೆಸುತ್ತದೆ. ಎಲೆ ಕಡು ಹಸಿರು, ಕಾಂಡ ಉದ್ದ. ಆದರೆ ಸಾರಜನಕ ಸಲೀಸಾಗಿ ಸಿಗುವಾಗ ಸಸಿ ಬೇರಿಗೆ ಖರ್ಚು ಮಾಡುವುದು ಕಡಿಮೆ. ಮೇಲೆ ಹೆಚ್ಚು, ಕೆಳಗೆ ಕಮ್ಮಿ. ದಿನಾ ನೀರು ಸಿಗುವ ತನಕ ಇದು ಗೊತ್ತಾಗಲ್ಲ. ಹೊಲಕ್ಕೆ ಹೋದ ಮೇಲೆ ಗೊತ್ತಾಗುತ್ತದೆ. ನಿಮ್ಮದು ಗಾಳಿ ಯಂತ್ರ ನಿಲ್ಲಿಸುವಷ್ಟು ಗಾಳಿ ಇರುವ ಸೀಮೆ. ಜೂನ್‌ನಲ್ಲಿ ಒಂದು ಮಳೆ ಬಂದು ಜುಲೈನಲ್ಲಿ ಹದಿನೈದು ಇಪ್ಪತ್ತು ದಿನ ಬರೀ ಗಾಳಿ ಬೀಸುವುದು ನಿಮಗೆ ಹೊಸದಲ್ಲ. ಆಗ ಅಷ್ಟು ಎಲೆಗೆ ನೀರು ಒದಗಿಸಲು ಆ ಸಣ್ಣ ಬೇರಿಗೆ ಆಗಲ್ಲ. ಮೆತ್ತಗಿನ ಕಾಂಡ ಗಾಳಿಗೆ ಬಾಗಿ ಒರಗುತ್ತದೆ. ರಸ ಹೀರುವ ಹುಳುಗಳಿಗೂ ಅಂಥ ಎಳೆ ಚಿಗುರೇ ಇಷ್ಟ.

ಎತ್ತರದ ಬದಲು ಬುಡದ ದಪ್ಪ ಅಳೆಯಿರಿ. ಒಣ ಸೀಮೆಗೆ ಒಂದು ಅಂದಾಜು ಇದೆ: ಸಸಿಯ ಎತ್ತರವನ್ನು ಸೆಂಟಿಮೀಟರಿನಲ್ಲಿ, ಬುಡದ ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಭಾಗಿಸಿದರೆ ಸುಮಾರು 6ರ ಒಳಗೆ ಬರಬೇಕು. ಅಂದರೆ 45 ಸೆಂಟಿಮೀಟರ್ ಎತ್ತರದ ಸಸಿಗೆ ಬುಡ 7-8 ಮಿಲಿಮೀಟರ್, ಹೆಚ್ಚೂಕಮ್ಮಿ ಪೆನ್ಸಿಲ್ ದಪ್ಪ ಇರಬೇಕು. ಪಕ್ಕದವರ ಸಸಿ ಮೂರು ಅಡಿ ಇದ್ದು ಬುಡ ಇಷ್ಟೇ ಇದ್ದರೆ ಹೊಟ್ಟೆಕಿಚ್ಚು ಪಡುವಂಥದ್ದು ಏನಿಲ್ಲ. ಅವರಿಗೂ ಹೇಳಿ, ನೆಡುವ ಮೊದಲು ಒಂದು ತಿಂಗಳು ಯೂರಿಯಾ ನಿಲ್ಲಿಸಿ, ನೀರು ನಿಧಾನಕ್ಕೆ ಕಡಿಮೆ ಮಾಡಿ, ಬಿಸಿಲಿಗೆ ಒಗ್ಗಿಸಲಿ. ಕಾಂಡ ಸ್ವಲ್ಪವಾದರೂ ಗಟ್ಟಿಯಾಗುತ್ತದೆ.

ಹಾಗಂತ ನಿಮ್ಮ ಮಾವ ಹೇಳಿದ್ದು ಪೂರ್ತಿ ಸರಿ ಅಂತಲೂ ಅಲ್ಲ. ಬೇರು ಹೀರುವ ನೈಟ್ರೇಟ್ ಸರಕಾರಿ ಗೊಬ್ಬರದಿಂದ ಬಂದರೂ ತಿಪ್ಪೆಯಿಂದ ಬಂದರೂ ಒಂದೇ. ವ್ಯತ್ಯಾಸ ಇರುವುದು ವೇಗದಲ್ಲಿ ಮತ್ತು ಪ್ರಮಾಣದಲ್ಲಿ. ತಿಪ್ಪೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ ಭಾಗ, ಎರೆಹುಳು ಗೊಬ್ಬರದಲ್ಲಿ ಒಂದೂವರೆ ಭಾಗದ ಆಸುಪಾಸು. ಅದೂ ನಿಧಾನಕ್ಕೆ ಬಿಡುಗಡೆಯಾಗುತ್ತದೆ. ಅದಕ್ಕೇ ತಪ್ಪು ಮಾಡಿದರೂ ಪೆಟ್ಟು ಕಡಿಮೆ. ಮಸಾರಿ ಮಣ್ಣು ನೀರು ಹಿಡಿಯುವಂತೆ ಮಾಡುವುದು ಮಾತ್ರ ತಿಪ್ಪೆ ಗೊಬ್ಬರದಿಂದಲೇ ಸಾಧ್ಯ, ಯಾವ ಚೀಲದ ಗೊಬ್ಬರಕ್ಕೂ ಆ ಕೆಲಸ ಬರಲ್ಲ.

ಆದ್ರೆ "ಎಷ್ಟಾದರೂ ಹಾಕು" ಅನ್ನೋದನ್ನು ನಾನು ಒಪ್ಪಲ್ಲ. ಪೂರ್ತಿ ಕಳಿಯದ ಗೊಬ್ಬರ ಪಾಕೀಟಿನೊಳಗೇ ಕಾವು ಹಿಡಿಯುತ್ತದೆ, ಅಮೋನಿಯಾ ಬಿಡುತ್ತದೆ. ಗೊಣ್ಣೆ ಹುಳು, ಗೆದ್ದಲು ಅದರ ಜೊತೆಗೇ ಬರುತ್ತವೆ. ಕೋಳಿ ಗೊಬ್ಬರ ಹಸಿಯಾಗಿ ಹಾಕಿದರೆ ನಿಮ್ಮ ಡಿಎಪಿ ಮಾಡಿದ್ದನ್ನೇ ಮಾಡುತ್ತದೆ, ಸಾವಯವ ಅನ್ನೋ ಹೆಸರಲ್ಲಿ. ಗಂಗಾವತಿ, ಕಾರಟಗಿ ಕಡೆ ರೈಸ್ ಮಿಲ್ಲಿನ ಹೊಟ್ಟು ಸುಮ್ನೆ ಸಿಗುತ್ತೆ ಅಂತ ಪಾಕೀಟಿಗೆ ತುಂಬುವವರನ್ನೂ ನೋಡಿದ್ದೇನೆ. ಹಸಿ ಹೊಟ್ಟನ್ನು ಕಳಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಬಳಸಿಕೊಳ್ಳುತ್ತವೆ, ಸಸಿ ಹಳದಿಯಾಗಿ ನಿಲ್ಲುತ್ತದೆ. ಸುಟ್ಟ ಕರಿ ಹೊಟ್ಟನ್ನು ಹತ್ತರಲ್ಲಿ ಒಂದು ಪಾಲು ಬೆರೆಸಿದರೆ ಮಣ್ಣು ಸಡಿಲವಾಗುತ್ತದೆ, ಅದಕ್ಕಿಂತ ಜಾಸ್ತಿ ಬೇಡ. ಪೂರ್ತಿ ಬೂದಿಯಾದದ್ದು ಕ್ಷಾರ, ಅದು ಬೇಡವೇ ಬೇಡ.

ತಿಪ್ಪೆ ಗೊಬ್ಬರ ಕಳಿತಿದೆಯಾ ಅಂತ ತಿಳಿಯಲು ಒಂದು ಹಿಡಿ ತೆಗೆದು ನೀರು ಚಿಮುಕಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಮಣ್ಣಿನ ವಾಸನೆ ಬಂದರೆ ಸರಿ. ಮೂಗಿಗೆ ಹೊಡೆಯುವ ಘಾಟು ಬಂದರೆ ಇನ್ನೂ ಆಗಿಲ್ಲ. ಇನ್ನೂ ಅನುಮಾನ ಇದ್ದರೆ ಗೊಬ್ಬರ ಬೆರೆಸಿದ ಮಣ್ಣಲ್ಲಿ ಹತ್ತು ಹೆಸರುಕಾಳು, ಬರೀ ಮಣ್ಣಲ್ಲಿ ಹತ್ತು ಹೆಸರುಕಾಳು ಹಾಕಿ. ಒಂದು ವಾರದಲ್ಲಿ ಎರಡೂ ಕಡೆ ಒಂದೇ ರೀತಿ ಮೊಳೆತರೆ ಧೈರ್ಯವಾಗಿ ಬಳಸಿ.

ಬೇರೆ ಗೊಬ್ಬರಗಳ ಮಾತು. ನನ್ನನ್ನು ಕೇಳಿದರೆ ಪಾಕೀಟಿನ ಮಣ್ಣಿಗೆ ಮೊದಲೇ ಬೆರೆಸಲು ಸೂಪರ್ ಫಾಸ್ಫೇಟ್ ಒಳ್ಳೆಯದು. ಅದರಲ್ಲಿ ರಂಜಕ 16 ಭಾಗ, ಜೊತೆಗೆ ಗಂಧಕ, ಸುಣ್ಣದ ಅಂಶವೂ ಇದೆ. ಅಮೋನಿಯಾ ಇಲ್ಲ, ಉಪ್ಪಿನ ಕಾಟ ತೀರಾ ಕಡಿಮೆ. 100 ಕೆಜಿ ಮಣ್ಣಿನ ಮಿಶ್ರಣಕ್ಕೆ 100 ಗ್ರಾಂ ಸಾಕು. ಮೇಲಿನ 45 ಚೀಲದ ಲೆಕ್ಕವನ್ನು ಇದಕ್ಕೂ ಹಾಕಿದರೆ ಎಕರೆಗೆ 18 ಚೀಲ ಬರುತ್ತದೆ, ಅದೇನು ಕಡಿಮೆಯಾ ಅಂತ ನೀವು ಕೇಳಬಹುದು. ಆದರೆ ರಂಜಕ ಮಣ್ಣಿಗೆ ಅಂಟಿಕೊಳ್ಳುತ್ತದೆ, ಬೇರನ್ನು ಸುಡಲ್ಲ. ಮೇಲೆ ಉದುರಿಸಿದರೆ ಅದು ಮೇಲೆಯೇ ಕೂರುತ್ತದೆ, ಕೆಳಗೆ ಇಳಿಯಲ್ಲ. ಅದಕ್ಕೇ ತುಂಬುವ ಮೊದಲೇ ಬೆರೆಸಬೇಕು. ಇದನ್ನೂ ಸಿಕ್ಕಾಪಟ್ಟೆ ಹಾಕಿದರೆ ಬೇರಿಗೆ ಅಂಟಿ ಬದುಕುವ, ರಂಜಕ ತಂದುಕೊಡುವ ಶಿಲೀಂಧ್ರ ಕೆಲಸ ನಿಲ್ಲಿಸುತ್ತದೆ, ಸತು ಮತ್ತು ಕಬ್ಬಿಣದ ಕೊರತೆಯೂ ಕಾಣುತ್ತದೆ. ಪೊಟ್ಯಾಷ್, ಅಂದರೆ ಆ ಕೆಂಪು ಎಂಒಪಿ, ಪಾಕೀಟಿಗೆ ಬೇಡ. ನಾವು ಬಳಸುವ ಗೊಬ್ಬರಗಳಲ್ಲಿ ಉಪ್ಪಿನ ಗುಣ ಅದರದ್ದೇ ಹೆಚ್ಚು, ಡಿಎಪಿಗಿಂತ ಎಷ್ಟೋ ಜಾಸ್ತಿ. 17:17:17 (ಸಾರಜನಕ, ರಂಜಕ, ಪೊಟ್ಯಾಷ್ ನೂರಕ್ಕೆ ತಲಾ 17 ಭಾಗ ಇರುವುದು) ಹರಳಿನದ್ದೂ ಪಾಕೀಟಿನ ಗೊಬ್ಬರ ಅಲ್ಲ. ಬೇವಿನ ಹಿಂಡಿ ಮಿಶ್ರಣದಲ್ಲಿ ನೂರಕ್ಕೆ ಒಂದು ಪಾಲು ಇರಲಿ, ನಿಧಾನಕ್ಕೆ ಸಾರಜನಕ ಕೊಡುತ್ತದೆ, ಗೆದ್ದಲಿಗೂ ಸ್ವಲ್ಪ ತಡೆ. ಸಗಣಿ, ಗಂಜಲ, ಬೆಲ್ಲ ಕಲಸಿ ಮಾಡುವ ಜೀವಾಮೃತ ತೆಳ್ಳಗೆ ಮಾಡಿ ಹಾಕಿದರೆ ತೊಂದರೆ ಇಲ್ಲ, ಆದರೆ ಅದೇ ಊಟ ಅಂತ ನಂಬಿ ಕೂರಬೇಡಿ, ಅದರಲ್ಲಿ ಪೋಷಕಾಂಶ ಬಹಳ ಕಡಿಮೆ.

ಸಸಿ ಬೆಳೆಯುತ್ತಿರುವಾಗ ಕೊಡಲು ನೀರಲ್ಲಿ ಕರಗುವ 19:19:19 ಸಾಕು. ಲೀಟರಿಗೆ 1 ಗ್ರಾಂ. ಪಾಕೀಟಿಗೆ 50 ಮಿಲಿಲೀಟರ್, 15 ದಿನಕ್ಕೊಮ್ಮೆ, ಸಂಜೆ, ಮಣ್ಣು ಹಸಿ ಇರುವಾಗ. ಆಮೇಲೆ ಎಲೆ ಮೇಲೆ ಬರೀ ನೀರು ಚಿಮುಕಿಸಿ. ಇದರಲ್ಲಿ ಪಾಕೀಟಿಗೆ ಒಂದು ಸಲಕ್ಕೆ ಸೇರುವ ಸಾರಜನಕ, ನಿಮ್ಮ ಆ ಒಂದು ಚಮಚ ಡಿಎಪಿಯಲ್ಲಿದ್ದುದರ ನೂರರಲ್ಲಿ ಒಂದು ಪಾಲು ಅಷ್ಟೇ. ಇಷ್ಟು ಸಾಕಾ ಅನಿಸಬಹುದು. ಎಳೆ ಸಸಿಗೆ ಬೇಕಾಗುವುದೇ ಅಷ್ಟು. ಹುಣಸೆ, ಹೊಂಗೆಯಂಥ ದಪ್ಪ ಬೀಜದವು ಮೊದಲ ಕೆಲವು ವಾರ ಬೀಜದಲ್ಲಿರುವ ಬುತ್ತಿಯಲ್ಲೇ ಬದುಕುತ್ತವೆ. ನಾಲ್ಕಾರು ನಿಜ ಎಲೆ ಬರುವ ತನಕ ಏನೂ ಹಾಕಬೇಡಿ.

ನಿಮ್ಮ ನಾಲ್ಕೂ ಗಿಡಗಳ ಹಸಿವು ಒಂದೇ ಥರ ಅಲ್ಲ. ಹೆಬ್ಬೇವು ಬೇಗ ಬೆಳೆಯುವ ಗಿಡ, ಸಾರಜನಕಕ್ಕೆ ಚೆನ್ನಾಗಿ ಸ್ಪಂದಿಸುತ್ತದೆ. ಚೇತರಿಸಿಕೊಂಡ ಮೇಲೆ ಅದಕ್ಕೆ ವಾರಕ್ಕೊಮ್ಮೆ 19:19:19 ಕೊಟ್ಟರೂ ನಡೆಯುತ್ತದೆ. ಹೊಂಗೆಗೆ ಸಾರಜನಕ ಕೊಡುವುದು ದುಡ್ಡು ದಂಡ. ಅದರ ಬೇರಿನ ಗಂಟುಗಳಲ್ಲಿ ಇರುವ ಬ್ಯಾಕ್ಟೀರಿಯಾ ಗಾಳಿಯಿಂದಲೇ ಸಾರಜನಕ ಹಿಡಿದು ಕೊಡುತ್ತವೆ. ನೀವು ಯೂರಿಯಾ ಕೊಟ್ಟರೆ ಗಂಟು ಕಟ್ಟುವುದನ್ನೇ ಗಿಡ ಕಡಿಮೆ ಮಾಡುತ್ತದೆ. ಬೇರು ತೊಳೆದಾಗ ಒಂದು ಗಂಟನ್ನು ಉಗುರಲ್ಲಿ ಒಡೆದು ನೋಡಿ, ಒಳಗೆ ಗುಲಾಬಿ ಬಣ್ಣ ಇದ್ದರೆ ಅದು ದುಡಿಯುತ್ತಿದೆ. ಗಂಟೇ ಇಲ್ಲದಿದ್ದರೆ ಊರಿನ ಹಳೇ ಹೊಂಗೆ ಮರದ ಬುಡದ ಒಂದು ಹಿಡಿ ಮಣ್ಣು ತಂದು ನಾಲ್ಕು ಪಾಕೀಟಿಗೆ ಹಂಚಿ. ಹುಣಸೆ ನಿಧಾನದ ಗಿಡ, ಅದನ್ನು ಓಡಿಸಲು ಹೋಗಬೇಡಿ.

ಶ್ರೀಗಂಧದ ಕತೆಯೇ ಬೇರೆ. ಅದು ಅರ್ಧ ಪರಾವಲಂಬಿ, ಪಕ್ಕದ ಗಿಡದ ಬೇರಿಗೆ ತನ್ನ ಬೇರು ಚುಚ್ಚಿ ನೀರು, ಪೋಷಕಾಂಶ ಎಳೆಯುತ್ತದೆ. ಜೊತೆ ಗಿಡ ಇಲ್ಲದೆ ಬರೀ ಗೊಬ್ಬರ ಕೊಟ್ಟರೆ ಕೆಲವು ತಿಂಗಳು ಇರುತ್ತದೆ, ಆಮೇಲೆ ಹಳದಿಯಾಗಿ ನಿಲ್ಲುತ್ತದೆ. ಜನ ಮತ್ತೆ ಗೊಬ್ಬರ ಹಾಕುತ್ತಾರೆ. ಪಾಕೀಟಿನಲ್ಲೇ ಒಂದು ತೊಗರಿ ಕಾಳು ಹಾಕಿ ಅಥವಾ ಹೊನಗೊನ್ನೆ ಸೊಪ್ಪಿನ ಕಡ್ಡಿ ಊರಿ. ಅದು ಗಂಧದ ಸಸಿಗಿಂತ ಎತ್ತರ ಹೋಗದಂತೆ ಚಿವುಟುತ್ತಿರಿ. ಹೊಲದಲ್ಲಿ ಗಂಧದ ಪಕ್ಕಕ್ಕೆ ನಿಮ್ಮದೇ ಹೊಂಗೆ ಬರಲಿ.

ನೀವು ಕೇಳದೇ ಇರುವ ಒಂದು ವಿಷಯ ನೀರು. ಕೊಪ್ಪಳ, ರಾಯಚೂರು ಕಡೆಯ ಸಾಕಷ್ಟು ಬೋರ್‌ವೆಲ್ ನೀರು ಗಡಸು. ಪಾಕೀಟಿನ ಬಾಯಂಚಿಗೆ, ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ನಿಮ್ಮ ನೀರೇ ದಿನಾ ಸ್ವಲ್ಪ ಸ್ವಲ್ಪ ಉಪ್ಪು ಹಾಕುತ್ತಿದೆ ಅಂತ ಅರ್ಥ. ಅದರ ಮೇಲೆ ಗೊಬ್ಬರದ ಉಪ್ಪು ಸೇರಿದರೆ ಸಸಿ ತಡೆಯಲ್ಲ. ಇಂಥ ನೀರಲ್ಲಿ ಬೆಳೆದ ಸಸಿಯ ಹೊಸ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಕಾಣುತ್ತವೆ. ಅದು ಕಬ್ಬಿಣದ ಕೊರತೆ, ಯೂರಿಯಾ ಹಾಕಿದರೆ ಹೋಗಲ್ಲ. ಸಾರಜನಕ ಕಡಿಮೆಯಾದರೆ ಹಳದಿಯಾಗುವುದು ಕೆಳಗಿನ ಹಳೇ ಎಲೆ, ಅದೂ ಇಡೀ ಎಲೆ. ಇಷ್ಟು ಗುರುತು ಗೊತ್ತಿದ್ದರೆ ಅರ್ಧ ದುಡ್ಡು ಉಳಿಯುತ್ತದೆ. ಕಬ್ಬಿಣಕ್ಕೆ ಲೀಟರಿಗೆ 2-3 ಗ್ರಾಂ ಫೆರಸ್ ಸಲ್ಫೇಟ್, ಸ್ವಲ್ಪ ನಿಂಬೆರಸ ಸೇರಿಸಿ ಸಂಜೆ ಎಲೆಗೆ ಸಿಂಪಡಿಸಿ. ಮೊದಲು ಎರಡು ಮೂರು ಸಸಿಗೆ ಮಾಡಿ, ಎಲೆ ಸುಡದಿದ್ದರೆ ಉಳಿದವಕ್ಕೆ. ನೀರು, ಮಣ್ಣು ಎರಡನ್ನೂ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲೋ ವಿಚಾರಿಸಿ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕೆರೆ ನೀರು, ಮಳೆ ನೀರು ಸಿಕ್ಕರೆ ಸಸಿಗೆ ಅದೇ ಮೇಲು.

ಮುಂದಿನ ವರ್ಷ ಸಸಿ ಮಾಡುವಾಗ ಯಾರ ಮಾತನ್ನೂ, ನನ್ನದನ್ನೂ ಸೇರಿಸಿ, ಸುಮ್ನೆ ನಂಬಬೇಡಿ. ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ತಿಪ್ಪೆ ಗೊಬ್ಬರದ ಮಿಶ್ರಣ ಮಾಡಿ. ಹೆಬ್ಬೇವಿನ ಹತ್ತು ಪಾಕೀಟಿಗೆ ಇದಿಷ್ಟೇ. ಇನ್ನು ಹತ್ತಕ್ಕೆ ತಿಪ್ಪೆ ಗೊಬ್ಬರದ ಬದಲು ಎರೆಹುಳು ಗೊಬ್ಬರ. ಹತ್ತಕ್ಕೆ ಸೂಪರ್ ಫಾಸ್ಫೇಟ್ ಸೇರಿಸಿ. ಹತ್ತಕ್ಕೆ ಸೂಪರ್ ಜೊತೆ 19:19:19 ನೀರು. ಪಾಕೀಟಿನ ಮೇಲೆ ಬಣ್ಣದಿಂದ ಗುರುತು ಹಾಕಿ, ಎಲ್ಲ ಗುಂಪಿನ ಪಾಕೀಟುಗಳನ್ನೂ ಅದಲುಬದಲು ಮಾಡಿ ಇಡಿ, ಒಂದು ಗುಂಪು ಬಿಸಿಲಿಗೆ ಇನ್ನೊಂದು ನೆರಳಿಗೆ ಬೀಳಬಾರದು. ತಿಂಗಳಿಗೊಮ್ಮೆ ಎತ್ತರ, ಬುಡದ ದಪ್ಪ ಬರೆದಿಡಿ. ಮೂರನೇ ತಿಂಗಳಿಗೆ ಪ್ರತಿ ಗುಂಪಿನಿಂದ ಎರಡು ಸಸಿ ತೊಳೆದು ಬೇರು ಪಕ್ಕಪಕ್ಕ ಇಟ್ಟು ನೋಡಿ. ನಿಮ್ಮ ಮಣ್ಣು, ನಿಮ್ಮ ನೀರಿನ ಉತ್ತರ ಅಲ್ಲಿರುತ್ತದೆ.

ಈ ಮುಂಗಾರಿಗೆ ನೆಡಬಹುದಾ ಅಂದರೆ, ಹೊಸ ಚಿಗುರು ಬಂದು ಬಲಿತ ಸಸಿಗಳನ್ನು ನೆಡಿ. ಇನ್ನೂ ಸೊರಗಿದ ಹೆಬ್ಬೇವನ್ನು ಬಲವಂತವಾಗಿ ಹೊಲಕ್ಕೆ ಹಾಕಬೇಡಿ, ಆಗಸ್ಟ್ ಕೊನೆ, ಸೆಪ್ಟೆಂಬರ್ ಮಳೆಗೂ ನಮ್ಮಲ್ಲಿ ನೆಡಬಹುದು. ಒಂದೂವರೆ, ಎರಡು ಅಡಿ ಗುಂಡಿ ಈಗಲೇ ತೋಡಿ ಬಿಸಿಲಿಗೆ ಬಿಡಿ. ಮೇಲ್ಮಣ್ಣಿಗೆ 3-5 ಕೆಜಿ ಕಳಿತ ಗೊಬ್ಬರ, 50 ಗ್ರಾಂ ಸೂಪರ್ ಫಾಸ್ಫೇಟ್, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ಗುಂಡಿ ತುಂಬಿ. ಗುಂಡಿಗೆ ಯೂರಿಯಾ, ಡಿಎಪಿ ಬೇಡ. ಸಸಿ ಹಿಡಿದು ಹೊಸ ಚಿಗುರು ಒಡೆದ ಮೇಲೆ, ಬೇಕಿದ್ದರೆ ಹೆಬ್ಬೇವಿಗೆ ಮಾತ್ರ 20 ಗ್ರಾಂ ಯೂರಿಯಾ, ಬುಡದಿಂದ ಒಂದು ಅಡಿ ದೂರಕ್ಕೆ ಸುತ್ತ, ಮಣ್ಣು ಹಸಿ ಇರುವ ದಿನ ಹಾಕಿ ಮುಚ್ಚಿ. ಅದಕ್ಕೂ ಮೊದಲು ಸುತ್ತಲಿನ ಕಳೆ ತೆಗೆಯಿರಿ, ಇಲ್ಲಾಂದ್ರೆ ಗೊಬ್ಬರ ತಿನ್ನುವುದು ಕಳೆಯೇ. ಬುಡಕ್ಕೆ ತೊಗರಿ ಕಟ್ಟಿಗೆ, ಒಣ ಎಲೆ ಹೊದಿಸಿದರೆ ಮೊದಲ ವರ್ಷ ಯೂರಿಯಾಕ್ಕಿಂತ ಅದೇ ಹೆಚ್ಚು ಕೆಲಸಕ್ಕೆ ಬರುತ್ತದೆ, ಗೆದ್ದಲು ಇರುವ ಹೊಲವಾದರೆ ಮಾತ್ರ ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟು ಹೊದಿಸಿ.

ಆ ಬಾಟಲಿಯ ಹಿಂದಿನ ಚೀಟಿ ಓದಿ. ಒಳಗೆ ಏನಿದೆ, ಎಷ್ಟು ಭಾಗ ಇದೆ ಅಂತ ಬರೆದಿಲ್ಲದಿದ್ದರೆ, ಒಡೆಯದೆ ಅಂಗಡಿಗೆ ವಾಪಸ್ ಕೊಟ್ಟು ಆ ದುಡ್ಡಿಗೆ 19:19:19ರ ಒಂದು ಪೊಟ್ಟಣ ತನ್ನಿ.